ಮೊಣಕಾಲಿನ ಮೆದು ಮೂಳೆ

ಅಕ್ಕಂದಿರೇ, ನಿಮ್ಮ ಕಿವಿ ಹಿಡಿದು ಬಗ್ಗಿಸಿ ನೋಡಿ. ಬಗ್ಗುತ್ತೆ. ಬಿಟ್ಟರೆ ಮತ್ತೆ ನೆಟ್ಟಗಾಗುತ್ತೆ. ಅದರೊಳಗೆ ಇರುವುದು ಮೆದು ಮೂಳೆ.

ಮೊಣಕಾಲಿನ ಕೀಲಿನಲ್ಲೂ ಮೆದು ಮೂಳೆ ಇದೆ. ಅದು ತುಂಬಾ ನುಣುಪು. ಮೂಳೆಗಳ ತುದಿಗೆ ಹೊದಿಕೆ ಹಾಗೆ ಇರುತ್ತೆ. ಅದು ಇರೋದರಿಂದ ಮೂಳೆಗೆ ಮೂಳೆ ಉಜ್ಜುವುದಿಲ್ಲ. ನಾವು ಕೂರ್ತೀವಿ, ಏಳ್ತೀವಿ, ನೀರು ಹೊರ್ತೀವಿ.

ಕೈ ಕೊಯ್ದರೆ ಗಾಯ ಮಾಯುತ್ತೆ. ಮೆದು ಮೂಳೆಗೆ ಪೆಟ್ಟಾದರೆ ಮಾಯುವುದು ಕಷ್ಟ. ಯಾಕೆ? ಅದರಲ್ಲಿ ರಕ್ತನಾಳಗಳಿಲ್ಲ.

ಇದಕ್ಕೆ ವಿಜ್ಞಾನಿಗಳು ಒಂದು ದಾರಿ ಹುಡುಕಿದರು. ನಮ್ಮ ಮೈ ಜೀವಕೋಶಗಳಿಂದ ಆಗಿದೆ. ಅವು ಬಲು ಸಣ್ಣವು, ಕಣ್ಣಿಗೆ ಕಾಣವು. ವೈದ್ಯರು ಮೆದು ಮೂಳೆಯ ಒಂದು ಚೂರು ತೆಗೆಯುತ್ತಾರೆ. ಪ್ರಯೋಗಾಲಯದಲ್ಲಿ ಅದನ್ನು ಕರಗಿಸಿ ಜೀವಕೋಶ ಬಿಡಿಸುತ್ತಾರೆ. ಅವನ್ನು ಪೋಷಕ ದ್ರವದಲ್ಲಿ, ಮೈಶಾಖದಷ್ಟೇ ಬೆಚ್ಚಗೆ ಇಡುತ್ತಾರೆ. ಒಂದು ಎರಡಾಗುತ್ತೆ. ಎರಡು ನಾಲ್ಕಾಗುತ್ತೆ. ಆದರೆ ಕ್ರಿಮಿ ಸೇರಿದರೆ ಎಲ್ಲಾ ಹಾಳು.

ಹೀಗೆ ಬೆಳೆಸಿದ ಜೀವಕೋಶಗಳಿಂದ ಏನು ಉಪಯೋಗ? ಕೀಲು ಹೇಗೆ ಸವೆಯುತ್ತೆ ಅಂತ ತಿಳಿಯಬಹುದು. ಹೊಸ ಔಷಧಿ ಪರೀಕ್ಷಿಸಬಹುದು. ಚಿಕಿತ್ಸೆಗೂ ಬಳಸಬಹುದು. ಸ್ವೀಡನ್ ದೇಶದ ವೈದ್ಯರು 23 ಜನರಿಗೆ ಅವರವರ ಜೀವಕೋಶವನ್ನೇ ಬೆಳೆಸಿ ಮೊಣಕಾಲಿಗೆ ಹಾಕಿದರು. 1994ರಲ್ಲಿ ಅದರ ಫಲ ಪ್ರಕಟಿಸಿದರು. ತೊಡೆಮೂಳೆಯ ತುದಿಗೆ ಹಾಕಿದ 16 ಜನರಲ್ಲಿ 14 ಜನಕ್ಕೆ ಒಳ್ಳೆಯ ಗುಣ ಕಂಡಿತು. ಮೊಣಕಾಲಿನ ಚಿಪ್ಪಿಗೆ ಹಾಕಿದ 7 ಜನರಲ್ಲಿ ಇಬ್ಬರಿಗೆ ಮಾತ್ರ.

ನೆನಪಿಡಿ, ಇದು ಎಲ್ಲಾ ಮಂಡಿನೋವಿಗೂ ಮದ್ದಲ್ಲ. ವಯಸ್ಸಾಗಿ ಕೀಲು ಪೂರ್ತಿ ಸವೆದವರಿಗೆ ಸಾಮಾನ್ಯವಾಗಿ ಹೊಂದುವುದಿಲ್ಲ. "ಒಂದೇ ಸೂಜಿಗೆ ಮಂಡಿ ಹೊಸದಾಗುತ್ತೆ" ಅಂತ ಯಾರಾದರೂ ಅಂದರೆ ದುಡ್ಡು ಕೊಡಬೇಡಿ. ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ.

ಇನ್ನೊಂದು ಮಾತು. ನಮ್ಮ ಮೈಯ ಚೂರನ್ನು ಸಂಶೋಧನೆಗೆ ಬಳಸಬೇಕಾದರೆ ನಮ್ಮ ಒಪ್ಪಿಗೆ ಕೇಳಬೇಕು. ನಮಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು. ಬೇಡ ಅನ್ನುವ ಹಕ್ಕು ನಮಗಿದೆ. ಬೇಡ ಅಂದರೂ ಚಿಕಿತ್ಸೆ ನಿಲ್ಲಿಸುವ ಹಾಗಿಲ್ಲ.

ಈಗ ನಮಗೆ ಓದು ಬಂದಿದೆ. ಕಾಗದ ಕೊಟ್ಟ ಕೂಡಲೇ ಹೆಬ್ಬೆಟ್ಟು ಒತ್ತುವುದು ಬೇಡ. ಓದೋಣ. ತಿಳಿಯದ್ದನ್ನು ಕೇಳೋಣ. ಒಪ್ಪಿಗೆಯಾದರೆ ಸಹಿ ಹಾಕೋಣ.

ಓದಿ, ಉತ್ತರ ಹೇಳಿ:
1. ಮೆದು ಮೂಳೆಯ ಗಾಯ ಯಾಕೆ ಸುಲಭವಾಗಿ ಮಾಯುವುದಿಲ್ಲ?
2. ಜೀವಕೋಶಗಳನ್ನು ಹೇಗೆ ಬೆಳೆಸುತ್ತಾರೆ?
3. ಸಹಿ ಹಾಕುವ ಮೊದಲು ನಾವು ಏನೇನು ಕೇಳಬೇಕು? ಎಲ್ಲರೂ ಕೂತು ಮಾತಾಡಿ.