ಕೊಟ್ಟಿಗೆ ಕಾಯುವ ನಾಯಿಗೆ ಉರಿಮೂತ್ರವೇ?



ಹಸು ಗಂಜಲ ಹೊಯ್ಯಲು ತಿಣುಕಿದರೆ ನಿಮ್ಮ ಕಣ್ಣಿಗೆ ತಕ್ಷಣ ಬೀಳುತ್ತದೆ. ಆದರೆ ಕೊಟ್ಟಿಗೆ ಕಾಯುವ ನಾಯಿ ಹತ್ತು ಸಲ ಕುಳಿತೆದ್ದರೂ ನಾವು ಗಮನಿಸುವುದಿಲ್ಲ. ನಾಯಿಗೂ ಮೂತ್ರದ ಸೋಂಕು ಬರುತ್ತದೆ. ಹೆಣ್ಣು ನಾಯಿಯ ಮೂತ್ರನಾಳ ಗಿಡ್ಡವಾದ್ದರಿಂದ ಮಲದಲ್ಲಿರುವ ಬ್ಯಾಕ್ಟೀರಿಯಾ ಸುಲಭವಾಗಿ ಒಳಸೇರುತ್ತವೆ. ಹಾಗಾಗಿ ಅವುಗಳಲ್ಲೇ ಈ ಕಾಯಿಲೆ ಹೆಚ್ಚು.

ಗುರುತಿಸುವುದು ಹೇಗೆ?

• ಪದೇ ಪದೇ ಕುಳಿತು ಸ್ವಲ್ಪ ಸ್ವಲ್ಪವೇ ಮೂತ್ರ ಮಾಡುವುದು, ತಿಣುಕುವುದು
• ಮೂತ್ರದಲ್ಲಿ ರಕ್ತ, ಕದಡಿದ ಬಣ್ಣ, ಕೆಟ್ಟ ವಾಸನೆ
• ಮೂತ್ರದ ಜಾಗವನ್ನು ನೆಕ್ಕುತ್ತಲೇ ಇರುವುದು
• ಎಂದೂ ಇಲ್ಲದೆ ಮಲಗಿದಲ್ಲೇ ಮೂತ್ರ ಮಾಡುವುದು

ಜೊತೆಗೆ ಜ್ವರ, ವಾಂತಿ ಇದ್ದು ಅನ್ನ ಬಿಟ್ಟರೆ ಸೋಂಕು ಮೂತ್ರಪಿಂಡಕ್ಕೆ ಏರಿರಬಹುದು.

ಬೆದೆಗೆ ಬಂದ ನಾಯಿಯಲ್ಲಿ ರಕ್ತ ತೊಟ್ಟಿಕ್ಕುವುದು ಸಹಜ. ಆದರೆ ಬೆದೆ ಮುಗಿದ ಒಂದೆರಡು ತಿಂಗಳಲ್ಲಿ ಮಂಕಾಗಿ, ಅತಿಯಾಗಿ ನೀರು ಕುಡಿಯುತ್ತಿದ್ದರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಕೀವು ಹೊರಗೆ ಸೋರದಿದ್ದರೂ ಅಪಾಯವೇ. ತಡಮಾಡಬೇಡಿ.

ಇದು ತುರ್ತು

ನಾಯಿ, ಅದರಲ್ಲೂ ಗಂಡು ನಾಯಿ, ಎಷ್ಟು ತಿಣುಕಿದರೂ ಒಂದು ಹನಿ ಬಾರದಿದ್ದರೆ ಮೂತ್ರನಾಳದಲ್ಲಿ ಕಲ್ಲು ಸಿಕ್ಕಿರಬಹುದು. ಮಲಬದ್ಧತೆ ಎಂದುಕೊಂಡು ಎಣ್ಣೆ ಕುಡಿಸುತ್ತಾ ಕೂರಬೇಡಿ. ಕೂಡಲೇ ಪಶುವೈದ್ಯರಿಗೆ ತೋರಿಸಿ. ತಡವಾದರೆ ಜೀವಕ್ಕೇ ಅಪಾಯ.

ಏನು ಮಾಡಬೇಕು?

• ಸಾಧ್ಯವಾದರೆ ಬೆಳಗಿನ ಮೂತ್ರವನ್ನು ಶುಚಿಯಾದ ಡಬ್ಬಿಯಲ್ಲಿ ಹಿಡಿದು ಬೇಗ ಆಸ್ಪತ್ರೆಗೆ ಒಯ್ಯಿರಿ.
• ವೈದ್ಯರು ಹೇಳಿದಷ್ಟು ದಿನ ಔಷಧಿ ಕೊಡಿ. ಎರಡು ದಿನಕ್ಕೆ ಚೇತರಿಸಿತೆಂದು ನಿಲ್ಲಿಸಬೇಡಿ.
• ಶುದ್ಧ ನೀರು ಸದಾ ಇರಲಿ. ಕಟ್ಟಿದ ನಾಯಿಯನ್ನು ದಿನಕ್ಕೆ ಮೂರ್ನಾಲ್ಕು ಸಲ ಬಿಚ್ಚಿ ಓಡಾಡಿಸಿ.
• ಸೋಂಕು ಮರುಕಳಿಸಿದರೆ ಕಲ್ಲು, ಸಕ್ಕರೆ ಕಾಯಿಲೆ ಇದೆಯೇ ಎಂದು ಪರೀಕ್ಷೆ ಮಾಡಿಸಿ.

ಏನು ಮಾಡಬಾರದು?

ಹಸುವಿನ ಕೆಚ್ಚಲು ಬಾವಿಗೆ ತಂದು ಉಳಿದ ಔಷಧಿಯನ್ನು ನಾಯಿಗೆ ಹಾಕಬೇಡಿ. ನಾವು ನುಂಗುವ ಐಬುಪ್ರೊಫೇನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನು ಕೆಡಿಸುತ್ತವೆ.

ರಾಸುಗಳಿಗೂ ನಮಗೂ ಸಂಬಂಧವಿದೆ

ಇಲಿ ಜ್ವರದ ರೋಗಾಣು ಇಲಿಯ ಮೂತ್ರದಿಂದ ನಾಯಿಗೆ, ನಾಯಿಯ ಮೂತ್ರದಿಂದ ರಾಸುಗಳಿಗೂ ಜನರಿಗೂ ಹರಡಬಲ್ಲದು. ಹಸುಗಳು ಕಂದು ಹಾಕಬಹುದು, ಹಾಲು ಇಳಿಯಬಹುದು. ಆದ್ದರಿಂದ ನಾಯಿಯನ್ನು ಮೇವಿನ ರಾಶಿ, ನೀರಿನ ತೊಟ್ಟಿಯಿಂದ ದೂರ ಕಟ್ಟಿ. ಅದರ ಮೂತ್ರ ತೊಳೆಯುವಾಗ ಕೈಗವಸು ಹಾಕಿ, ಹಾಲು ಕರೆಯುವ ಮುನ್ನ ಸೋಪಿನಿಂದ ಕೈ ತೊಳೆಯಿರಿ. ವರ್ಷಕ್ಕೊಮ್ಮೆ ನಾಯಿಗೆ ರೇಬೀಸ್ ಲಸಿಕೆಯ ಜೊತೆ ಇಲಿ ಜ್ವರದ ಲಸಿಕೆಯನ್ನೂ ಹಾಕಿಸಿ.

ರಾತ್ರಿಯೆಲ್ಲ ಎಚ್ಚರವಿದ್ದು ನಿಮ್ಮ ರಾಸು ಕಾಯುವ ನಾಯಿಯ ಕಡೆ ದಿನಕ್ಕೊಮ್ಮೆ ಕಣ್ಣು ಹಾಯಿಸಿ.