ಹಗ್ಗದ ಇನ್ನೊಂದು ತುದಿ ಹಿಡಿದವರು

ನಾನು ಪ್ರಾಣಿಶಾಸ್ತ್ರ ಕಲಿಸುವವಳು. ಧಾರವಾಡ ಸೀಮೆಯ ಕಾಲೇಜೊಂದರಿಂದ ಹತ್ತೊಂಬತ್ತು ಬೇಸಿಗೆ ಹುಡುಗ ಹುಡುಗಿಯರನ್ನು ಕಾರವಾರದ ಕಡಲಿಗೆ ಕರೆದೊಯ್ದಿದ್ದೇನೆ. ರೋಣ, ನವಲಗುಂದ, ಶಿಗ್ಗಾವಿ ಕಡೆಯ ಮಕ್ಕಳು. ಪ್ರತಿ ತಂಡದಲ್ಲೂ ಸಮುದ್ರವನ್ನು ಮೊದಲ ಸಲ ನೋಡುವವರೇ ಹೆಚ್ಚು. ಬಸ್ಸು ಅರಬೈಲ್ ಘಟ್ಟ ಇಳಿದು ಅಂಕೋಲೆ ದಾಟಿ ನೀರು ಕಂಡ ಕೂಡಲೇ ಹಿಂದಿನ ಸೀಟಿನಿಂದ ಕೂಗು ಏಳುತ್ತದೆ. ಇಳಿದವರು ಮಾಡುವ ಮೊದಲ ಪ್ರಯೋಗ ಎಲ್ಲ ವರ್ಷವೂ ಒಂದೇ: ಬೊಗಸೆ ನೀರು ಬಾಯಿಗೆ ಹಾಕಿಕೊಳ್ಳುವುದು. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಎಂದು ತರಗತಿಯಲ್ಲಿ ಬರೆದುಕೊಂಡವರೇ ಮುಖ ಕಿವುಚಿ, ಪಕ್ಕದವರ ಬೆನ್ನು ಗುದ್ದಿ ನಗುತ್ತಾರೆ.

ಹಳೆಯ ವಿದ್ಯಾರ್ಥಿಗಳು ಎಲ್ಲಾದರೂ ಸಿಕ್ಕರೆ ಪರೀಕ್ಷೆಯ ಮಾತು ಬರುವುದಿಲ್ಲ. ಚಪ್ಪಲಿ ತೇಲಿಹೋದ ದಿನ, ಶಂಖ ನಡೆದ ರಾತ್ರಿ, ಕೆಸರಲ್ಲಿ ಸಿಕ್ಕಿಬಿದ್ದ ಮಧ್ಯಾಹ್ನ ಬರುತ್ತವೆ. ಆ ಕಥೆಯ ಜೊತೆಗೇ ಪ್ರಾಣಿಯ ಹೆಸರು, ಅದರ ಬದುಕು, ಆ ದಿನ ಪಕ್ಕದಲ್ಲಿದ್ದವರ ಹೆಸರು ಎಲ್ಲವೂ ಎದ್ದುಬರುತ್ತವೆ. ಇಂಥ ಪ್ರವಾಸ ಮಾಡಿಸಬೇಕೆಂದಿರುವ ಮೇಷ್ಟ್ರುಗಳಿಗೆ, ಹೋಗಬೇಕೆಂದಿರುವ ಮಕ್ಕಳಿಗೆ ನನ್ನ ಅನುಭವ ಇಲ್ಲಿದೆ.

1. ಪಂಚಾಂಗ ನೋಡಿ ಬಸ್ಸು ಗೊತ್ತುಮಾಡಿ

ದಡದ ಕೆಲಸಕ್ಕೆ ರಜೆಯ ಪಟ್ಟಿಗಿಂತ ಚಂದ್ರನ ಲೆಕ್ಕ ಮುಖ್ಯ. ದಿನಕ್ಕೆ ಎರಡು ಭರತಿ, ಎರಡು ಇಳಿತ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಹೆಚ್ಚು ದೂರ ಸರಿಯುತ್ತದೆ. ಕಾರವಾರದಲ್ಲಿ ಆಗ ಭರತಿಗೂ ಇಳಿತಕ್ಕೂ ಸುಮಾರು 2 ಮೀಟರ್ ಅಂತರ. ಆ ದಿನಗಳ ದೊಡ್ಡ ಇಳಿತ ಬೀಳುವುದು ಬೆಳಗಿನ ಜಾವ ಮತ್ತು ಸಂಜೆ. ಹಾಗಾಗಿ ನಾಲ್ಕೂವರೆಗೆ ಎಬ್ಬಿಸಲೇಬೇಕು. ಸರ್ವೆ ಆಫ್ ಇಂಡಿಯಾದ ಉಬ್ಬರವಿಳಿತದ ಕೋಷ್ಟಕ ನೋಡಿ, ಜೊತೆಗೆ ಊರಿನ ಮೀನುಗಾರರೊಬ್ಬರನ್ನೂ ಕೇಳಿ.

ಮೊದಲ ವರ್ಷ ಮಾಜಾಳಿಯ ದಡದಲ್ಲಿ ಮಕ್ಕಳು ತಗ್ಗಿನ ಚಪ್ಪಟೆ ಬಂಡೆಯ ಮೇಲೆ ಚಪ್ಪಲಿ ಸಾಲಾಗಿ ಬಿಟ್ಟು, ಮರಳಿನಲ್ಲಿ ಬಿಲ ಎಣಿಸಲು ಹೋದರು. ನೀರು ತಿರುಗಿದ್ದನ್ನು ಯಾರೂ ನೋಡಲಿಲ್ಲ. ನೋಡುವಾಗ ಹದಿನಾಲ್ಕು ಚಪ್ಪಲಿಗಳು ಬಾತುಕೋಳಿಗಳಂತೆ ಸಾಲುಗಟ್ಟಿ ಹೊರಟಿದ್ದವು. ಬೀಸುಬಲೆ ಹಿಡಿದು ನಿಂತಿದ್ದ ಹುಡುಗನೊಬ್ಬ ಬಲೆ ಬೀಸಿ ಒಂಬತ್ತನ್ನು ಎಳೆದುಕೊಟ್ಟ. ರೋಣದ ಹುಡುಗಿಗೆ ಎಡಗಾಲಿನದು ಸಿಕ್ಕಿತು, ಹಸಿರು. ಶಿರಸಿಯವಳಿಗೆ ಬಲಗಾಲಿನದು, ಕೆಂಪು. ಪೇಟೆಯ ಅಂಗಡಿ ತೆರೆಯುವವರೆಗೆ ಇಬ್ಬರೂ ಆ ಒಂದು ಜೊತೆಯನ್ನು ಹತ್ತು ಹತ್ತು ನಿಮಿಷದ ಸರದಿಯಂತೆ ಹಾಕಿಕೊಂಡರು. ಅದಕ್ಕೆ ಮೊದಲು ಅವರು ಒಬ್ಬರನ್ನೊಬ್ಬರು ಮಾತಾಡಿಸಿದವರಲ್ಲ. ಆರು ವರ್ಷದ ಮೇಲೆ ಶಿರಸಿಯವಳ ಮದುವೆಯಲ್ಲಿ ರೋಣದವಳು ಕೊಟ್ಟ ಉಡುಗೊರೆಯನ್ನು ನಾನೇ ಕಣ್ಣಾರೆ ಕಂಡೆ: ಒಂದು ಹಸಿರು, ಒಂದು ಕೆಂಪು ಚಪ್ಪಲಿ, ಬಣ್ಣದ ಕಾಗದದಲ್ಲಿ ಸುತ್ತಿದ್ದು.

ಅಂದಿನಿಂದ ನನ್ನ ತಂಡದಲ್ಲಿ ಒಬ್ಬರಿಗೆ ಒಂದೇ ಕೆಲಸ, ನೀರು ಕಾಯುವುದು. ಇಳಿತಕ್ಕೆ ಒಂದು ಗಂಟೆ ಮೊದಲು ದಡ ಸೇರಿ, ನೀರು ತಿರುಗಿದ ಅರ್ಧ ಗಂಟೆಯೊಳಗೆ ಮೇಲೆ ಬನ್ನಿ.

2. ಮಾತು ಬಿಟ್ಟವರನ್ನು ಒಂದೇ ಹಗ್ಗಕ್ಕೆ ಹಾಕಿ

ಬಂಡೆಯ ಮೇಲಿನ ಜೀವಿಗಳ ಎಣಿಕೆಗೆ ಮೇಲಿನಿಂದ ನೀರಿನ ಅಂಚಿನವರೆಗೆ ಹಗ್ಗ ಎಳೆದು, ಅಲ್ಲಲ್ಲಿ ಚೌಕ ಇಟ್ಟು ಲೆಕ್ಕ ಹಾಕುತ್ತೇವೆ. ಹಗ್ಗಕ್ಕೆ ಎರಡು ತುದಿ, ಲೆಕ್ಕಕ್ಕೆ ಇಬ್ಬರು: ಒಬ್ಬರು ಎಣಿಸಬೇಕು, ಇನ್ನೊಬ್ಬರು ಸಂಖ್ಯೆಯನ್ನು ಗಟ್ಟಿಯಾಗಿ ತಿರುಗಿ ಹೇಳಿ ಬರೆದುಕೊಳ್ಳಬೇಕು. ಒಂದೇ ಬೆಂಚಿನವರನ್ನು ಜೋಡಿ ಮಾಡಿದರೆ ಹರಟೆಯಲ್ಲಿ ಲೆಕ್ಕ ತಪ್ಪುತ್ತದೆ. ಅಪರಿಚಿತರಾದರೆ ಎಚ್ಚರವಾಗಿರುತ್ತಾರೆ.

ಒಂದು ವರ್ಷ ಕಾಲೇಜಿನ ಚುನಾವಣೆಯಲ್ಲಿ ಎದುರಾಬದುರಾಗಿ ನಿಂತು ಮಾತು ಬಿಟ್ಟಿದ್ದ ಇಬ್ಬರು ಹುಡುಗರನ್ನು ಬೇಕೆಂದೇ ಒಂದು ಹಗ್ಗಕ್ಕೆ ಹಾಕಿದೆ. 10 ಸೆಂಟಿಮೀಟರಿನ ಚೌಕದಲ್ಲಿ ಬಾರ್ನಕಲ್ ಎಣಿಸುವ ಕೆಲಸ. ಬಂಡೆಗೆ ಅಂಟಿಕೊಂಡ ಪುಟ್ಟ ಬಿಳಿ ಗೋಪುರಗಳಂತಿರುವ ಈ ಜೀವಿ ನೋಡಲು ಚಿಪ್ಪಿನ ಹುಳುವಿನಂತಿದ್ದರೂ ಏಡಿ, ಸಿಗಡಿಯ ಬಳಗದ್ದು. ಜಗಳ ಶುರುವಾಯಿತು. "ಇದು ಸತ್ತೈತಿ, ಎಣಿಸಬ್ಯಾಡ" ಎಂದ ಒಬ್ಬ. "ಮುಚ್ಚಿಕೊಂಡೈತಿ, ಸತ್ತಿಲ್ಲ" ಎಂದ ಇನ್ನೊಬ್ಬ. ತೀರ್ಮಾನಕ್ಕೆಂದು ಇಬ್ಬರೂ ಬಂಡೆಯ ಮೇಲೆ ಬೋರಲು ಮಲಗಿ, ತಲೆಗೆ ತಲೆ ತಾಗಿಸಿ, ತಗ್ಗಿನಲ್ಲಿ ನಿಂತ ನೀರಿನೊಳಗಿನ ಒಂದನ್ನೇ ನೋಡುತ್ತಾ ಉಳಿದರು. ಐದು ನಿಮಿಷ ಸದ್ದಿಲ್ಲ. ಆಮೇಲೆ ಗೋಪುರದ ಬಾಯಿ ಬಿರಿದು, ಒಳಗಿನಿಂದ ಗರಿಯಂಥ ಪುಟ್ಟ ಕಾಲುಗಳು ಚಾಚಿ ನೀರನ್ನು ಬಾಚಿಕೊಂಡು ಒಳಸರಿದವು. ಮತ್ತೆ ಚಾಚಿದವು. ಇಬ್ಬರೂ ಒಟ್ಟಿಗೆ ಕಿರುಚಿದ್ದಕ್ಕೆ ಇಡೀ ತಂಡ ಓಡಿಬಂತು.

ಬಾರ್ನಕಲ್ ಮರಿ ಈಜುತ್ತಾ ಬಂದು, ಬಂಡೆಗೆ ತಲೆ ಅಂಟಿಸಿಕೊಂಡು, ಜೀವಮಾನವೆಲ್ಲ ಕಾಲಿನಿಂದಲೇ ಆಹಾರ ಬಾಚಿ ಉಣ್ಣುತ್ತದೆ ಎಂದು ಅಲ್ಲೇ ಹೇಳಿದೆ. ಚಾರ್ಲ್ಸ್ ಡಾರ್ವಿನ್ 1846ರಿಂದ 1854ರವರೆಗೆ ಎಂಟು ವರ್ಷ ಈ ಜೀವಿಗಳನ್ನೇ ಕೊಯ್ದು ನೋಡುತ್ತಾ ಕುಳಿತಿದ್ದನ್ನೂ ಹೇಳಿದೆ. ಅಂದು ರಾತ್ರಿ ಊಟಕ್ಕೆ ಕೂತಾಗ ಆ ಇಬ್ಬರಲ್ಲಿ ಒಬ್ಬ ಗೋಡೆಗೆ ತಲೆ ಊರಿ ಕಾಲು ಮೇಲೆ ಮಾಡಿ "ನನಗ ಅನ್ನ ಹಾಕ್ರಿ" ಎಂದ. ಇನ್ನೊಬ್ಬ ಅವನ ಕಾಲ್ಬೆರಳ ಸಂದಿಗೆ ಚಪಾತಿ ಸಿಕ್ಕಿಸಿದ. ಈಗ ಒಬ್ಬ ಹಾವೇರಿ ಕಡೆ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾನೆ, ಇನ್ನೊಬ್ಬನದು ಬೀಜದ ವ್ಯಾಪಾರ. ದಸರೆಗೆ ಬನ್ನಿ ಕೊಡಲು ಒಬ್ಬರ ಊರಿಗೆ ಇನ್ನೊಬ್ಬರು ತಪ್ಪದೆ ಹೋಗುತ್ತಾರೆ.

3. ಮೀನಿನ ಹೆಸರನ್ನು ಮಾರುವ ಅಕ್ಕನಿಂದ ಕೇಳಿ

ಫ್ರಾನ್ಸಿಸ್ ಡೇ 1875ರಿಂದ 1878ರ ನಡುವೆ ಹೊರತಂದ ಭಾರತದ ಮೀನುಗಳ ಗ್ರಂಥವನ್ನು ನಾನು ಪೂಜ್ಯಭಾವದಿಂದ ನೋಡುತ್ತೇನೆ. ಆದರೆ ಮಾರುಕಟ್ಟೆಗೆ ಹೋಗುವಾಗ ಅದನ್ನು ಕೋಣೆಯಲ್ಲೇ ಬಿಡಿಸುತ್ತೇನೆ. ವಹಿಯಲ್ಲಿ ವೈಜ್ಞಾನಿಕ ಹೆಸರಿನ ಪಕ್ಕ ಊರ ಹೆಸರಿಗೂ ಒಂದು ಕಾಲಂ ಬೇಕು. ಕಾರವಾರದಲ್ಲಿ ತಾರ್ಲಿ ಎನ್ನುವುದೇ ಕುಂದಾಪುರದ ಕಡೆ ಬೈಗೆ, ಮಂಗಳೂರಿನಲ್ಲಿ ಭೂತಾಯಿ.

ನವಲಗುಂದದ ಹುಡುಗನೊಬ್ಬ ಬುಟ್ಟಿಯಲ್ಲಿ ನಂಗು ಮೀನು ನೋಡಿ ಕಳವಳದಿಂದ ನನ್ನನ್ನು ಕರೆದ. "ಮ್ಯಾಡಂ, ಇದರ ಮ್ಯಾಲೆ ಟೆಂಪೋ ಹಾದೈತ್ರಿ. ಎರಡೂ ಕಣ್ಣು ಒಂದೇ ಕಡೆ ಬಂದಾವ." ಮೀನಿನ ಅಕ್ಕ ಬುಟ್ಟಿ ಬಿಟ್ಟು ನಗತೊಡಗಿದಳು. ಪಕ್ಕದವಳಿಗೆ ಕೊಂಕಣಿಯಲ್ಲಿ ಹೇಳಿದಳು. ಆ ನಗು ಸಾಲಿನ ಕೊನೆಯವರೆಗೂ ಹೋಯಿತು. ಆಮೇಲೆ ಅವನ ಕೈಗೆ ಮೀನು ಕೊಟ್ಟು, "ಇದು ನೆಲಕ್ಕೆ ಮಲಗಿಯೇ ಇರ್‍ತದೆ ತಮ್ಮಾ, ಕೆಳಗಿನ ಕಣ್ಣು ಇಟ್ಕೊಂಡು ಏನು ಮಾಡ್ತದೆ?" ಎಂದಳು. ಮರಿಯಾಗಿದ್ದಾಗ ಎರಡು ಬದಿಗೂ ಒಂದೊಂದು ಕಣ್ಣು. ಬೆಳೆಯುತ್ತಾ ಒಂದು ಕಣ್ಣು ತಲೆ ದಾಟಿ ಆಚೆ ಬದಿಗೆ ಸರಿಯುತ್ತದೆ, ಮೀನು ಒಂದು ಮಗ್ಗುಲಾಗಿ ತಳದಲ್ಲಿ ಮಲಗುತ್ತದೆ. ಆ ಅಕ್ಕನ ಒಂದು ಪ್ರಶ್ನೆಯಲ್ಲಿ ನನ್ನ ಅರ್ಧ ಪಾಠವೇ ಇತ್ತು. ಮರುದಿನದಿಂದ ಅವಳು ಅವನಿಗೆಂದು ಬಲೆಯ ಚಿಲ್ಲರೆ ಮೀನನ್ನು ಬೇರೆ ತೆಗೆದಿಟ್ಟಳು. "ಟೆಂಪೋ ತಮ್ಮ ಎಲ್ಲಿ?" ಎಂದು ಮುಂದಿನ ವರ್ಷವೂ ಕೇಳಿದಳು.

4. ಖಾಲಿ ಶಂಖವೂ ಯಾರದೋ ಮನೆ

ಇದನ್ನು ಎಲ್ಲ ಪಾಠಗಳಿಗಿಂತ ಗಟ್ಟಿಯಾಗಿ ಹೇಳಬೇಕಾಗಿದೆ.

ನಾವು ಉಳಿದಿದ್ದ ಹಳೆಯ ವಸತಿಗೃಹದಲ್ಲಿ ಹುಡುಗಿಯರಿಗೆಲ್ಲ ಒಂದೇ ಉದ್ದನೆಯ ಕೋಣೆ. ರಾತ್ರಿ ಒಂದು ಗಂಟೆಗೆ ಕಟ ಕಟ ಸದ್ದು. ಒಬ್ಬಳು ಇಲಿ ಎಂದಳು, ಇನ್ನೊಬ್ಬಳು ದೆವ್ವ ಎಂದಳು, ಹನ್ನೊಂದು ಜನರೂ ಮಂಚ ಹತ್ತಿ ನಿಂತರು. ನಾನು ಬ್ಯಾಟರಿ ಹಿಡಿದು ಹೋದಾಗ ಕಂಡದ್ದು ಹೆಬ್ಬೆರಳಿನಷ್ಟು ಶಂಖವೊಂದು ಬಚ್ಚಲ ಕಡೆ ನಡೆದುಹೋಗುತ್ತಿದ್ದುದು. ಹಿಂದೆ ಇನ್ನೂ ಎರಡು. ಮೂಲೆಯ ಮಂಚದ ಹುಡುಗಿ ಅಳುಮುಖ ಮಾಡಿ ಸ್ಟೀಲಿನ ಡಬ್ಬಿ ತೋರಿಸಿದಳು. ತಂಗಿಗೆಂದು ಇಪ್ಪತ್ತಮೂರು ಶಂಖ ಆರಿಸಿ ತಂದಿದ್ದಳು. ಮೂರರಲ್ಲಿ ಸನ್ಯಾಸಿ ಏಡಿ ಕುಳಿತಿತ್ತು. ಮುಚ್ಚಳ ತಳ್ಳಿಕೊಂಡು ಹೊರಟಿದ್ದವು.

ಆ ಏಡಿಯ ಹೊಟ್ಟೆಯ ಭಾಗ ಮೆತ್ತಗೆ, ಅದರ ಮೇಲೆ ಗಟ್ಟಿ ಕವಚವಿಲ್ಲ. ಸತ್ತ ಶಂಖದ ಹುಳುವಿನ ಖಾಲಿ ಚಿಪ್ಪೇ ಅದಕ್ಕೆ ಆಸರೆ. ಬೆಳೆದಂತೆ ದೊಡ್ಡ ಚಿಪ್ಪು ಹುಡುಕಬೇಕು. ಸಿಗದಿದ್ದರೆ ಇಕ್ಕಟ್ಟಿನಲ್ಲೇ ಬದುಕಬೇಕು, ಇಲ್ಲವೇ ಇನ್ನೊಂದರ ಚಿಪ್ಪಿಗೆ ಹೊಡೆದಾಡಬೇಕು. ಇಷ್ಟು ಹೇಳಿದ್ದೇ ತಡ, ಹುಡುಗಿಯರು ತಾವಾಗಿಯೇ ಇಪ್ಪತ್ತಮೂರನ್ನೂ ತಿರುಗಿ ಕೊಂಡೊಯ್ಯಬೇಕೆಂದರು. ನಸುಕಿನಲ್ಲಿ ಹನ್ನೊಂದು ಜನ ಸಾಲಾಗಿ ನಡೆದು, ಮೂರು ಏಡಿಗಳನ್ನು ಬಂಡೆಯ ಸಂದಿಯ ನೀರಿಗೆ ಬಿಟ್ಟು, ಖಾಲಿ ಶಂಖಗಳನ್ನು ಸುತ್ತ ಇಟ್ಟರು. "ತವರಿಗೆ ಕಳಿಸಿದಂಗ ಆತ್ರಿ" ಎಂದಳು ಡಬ್ಬಿಯ ಹುಡುಗಿ. ಆ ಕೋಣೆಯ ಹನ್ನೊಂದು ಜನ ಇಂದಿಗೂ ವರ್ಷಕ್ಕೊಮ್ಮೆ ಸೇರುತ್ತಾರೆ.

ಕಾನೂನನ್ನೂ ಹೇಳಿಕೊಡಿ. ಹವಳ, ಕಡಲ್ಗುದುರೆ, ಕಡಲ ಸೌತೆಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ. ನನ್ನ ತಂಡದ ನಿಯಮ ಅದಕ್ಕಿಂತ ಸರಳ: ನೋಡಿ, ಎಣಿಸಿ, ಚಿತ್ರ ಬಿಡಿಸಿ, ಎತ್ತಿದ ಕಲ್ಲನ್ನು ಮೊದಲಿದ್ದ ಹಾಗೇ ಮಗುಚಿ ಇಡಿ. ಕಲ್ಲಿನ ಅಡಿಯ ಜೀವಿಗೆ ಬಿಸಿಲು ತಾಗಿದರೆ ಅದು ಒಣಗಿ ಸಾಯುತ್ತದೆ.

5. ದೋಣಿ ಹತ್ತುವಾಗ

ಲೈಫ್ ಜಾಕೆಟ್ ಇಲ್ಲದೆ ಹತ್ತಬೇಡಿ. ಖಾಲಿ ಹೊಟ್ಟೆ ಬೇಡ, ಎಣ್ಣೆ ತಿಂಡಿಯೂ ಬೇಡ. ತಲೆ ಸುತ್ತಿದರೆ ದೂರದ ನೀರಿನ ಗೆರೆಯನ್ನು ನೋಡಿ. ದೋಣಿ ನಡೆಸುವ ತಾಂಡೇಲ ತಿರುಗೋಣ ಎಂದರೆ ತಿರುಗಬೇಕು. ಅಲ್ಲಿ ಪ್ರಾಧ್ಯಾಪಕರ ಮಾತು ನಡೆಯಬಾರದು. ದಡದಲ್ಲಿ ಎಲ್ಲರಿಗಿಂತ ಜೋರು ಮಾಡಿದ್ದ ಪೈಲ್ವಾನ ಹುಡುಗ ಕುರುಮಗಡ ದ್ವೀಪದ ದಾರಿಯಲ್ಲಿ ಮೊದಲು ಮಲಗಿದ. ತಂಡದಲ್ಲಿ ಎಲ್ಲರಿಗಿಂತ ಸಣ್ಣ ಹುಡುಗಿ ಅವನ ತಲೆ ತೊಡೆಯ ಮೇಲಿಟ್ಟುಕೊಂಡು ನಿಂಬೆಹಣ್ಣು ಮೂಸಿಸಿದಳು. ಅವನು ಅವಳನ್ನು ಇಂದಿಗೂ ಕರೆಯುವುದು "ಅವ್ವಾ" ಎಂದೇ.

6. ಒಲೆ ಎರಡಿರಲಿ, ಪಂಕ್ತಿ ಒಂದೇ ಇರಲಿ

ಮೀನು ತಿನ್ನುವವರು, ಮುಟ್ಟದವರು ಇಬ್ಬರೂ ಇರುತ್ತಾರೆ. ಪಾತ್ರೆ ಬೇರೆ ಇಡಿ, ಊಟಕ್ಕೆ ಮಾತ್ರ ಒಟ್ಟಿಗೆ ಕೂಡಿಸಿ. ನನ್ನ ತಂಡಗಳಲ್ಲಿ ಮೀನಿನ ಹೊಟ್ಟೆ ಕೊಯ್ದು ಅದು ಏನು ತಿಂದಿದೆ ಎಂದು ಎಲ್ಲರಿಗಿಂತ ಚೊಕ್ಕವಾಗಿ ನೋಡಿದವಳು ಈರುಳ್ಳಿಯನ್ನೂ ತಿನ್ನದ ಮನೆಯ ಹುಡುಗಿ.

7. ಕೆಸರಿನಲ್ಲಿ ನಿಲ್ಲಬೇಡಿ

ಕಾರವಾರದ ಕೆಲಸ ಮುಗಿಸಿ ಒಂದು ದಿನ ಕುಮಟಾ ಕಡೆ ಅಘನಾಶಿನಿಯ ಅಳಿವೆಗೆ ಹೋಗುತ್ತೇವೆ. ಅಣೆಕಟ್ಟು ಕಾಣದೆ ಕಡಲು ಸೇರುವ ಹೊಳೆ ಅದು. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು, ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳು, ನೀರಿಳಿದಾಗ ಬಳಚು ಆರಿಸುವ ನೂರಾರು ಜನ. 2024ರಲ್ಲಿ ಈ ಅಳಿವೆಗೆ ಮಹತ್ವದ ಜೌಗುಪ್ರದೇಶವೆಂಬ ರಾಮ್ಸಾರ್ ಮಾನ್ಯತೆಯೂ ಸಿಕ್ಕಿತು.

ಒಂದು ಸಲ ಕಾಂಡ್ಲಾದ ಉಸಿರುಬೇರು ತೋರಿಸಲು ಹೋದಾಗ ಮುಂದಿದ್ದವ ಕೆಸರಲ್ಲಿ ಮೊಣಕಾಲವರೆಗೆ ಇಳಿದ. ಎಳೆಯಲು ಹೋದ ಗೆಳೆಯ ಇಳಿದ, ಅವನ ಕೈ ಹಿಡಿದವಳೂ ಇಳಿದಳು. ನೋಡುತ್ತಿದ್ದಂತೆ ಏಳು ಜನ ಕೈಗೆ ಕೈ ಕೊಟ್ಟು ಸಾಲಾಗಿ ಹೂತು ನಿಂತರು. ಭಯಕ್ಕಿಂತ ನಗುವೇ ಹೆಚ್ಚಾಗಿ, ನಕ್ಕಷ್ಟೂ ಇನ್ನಷ್ಟು ಇಳಿದರು. ಬಳಚಿನ ಬುಟ್ಟಿ ಹೊತ್ತು ಬಂದ ಅಜ್ಜಿಯೊಬ್ಬಳು ನಿಂತು ನೋಡಿ, "ಅಕ್ಕೋರೇ, ಇವರನ್ನ ಇಲ್ಲಿ ನೆಟ್ಟಿದ್ದು ಯಾಕೆ?" ಎಂದು ನನ್ನನ್ನೇ ಕೇಳಿದಳು. ಆಮೇಲೆ ಮಕ್ಕಳಿಗೆ ಹೇಳಿಕೊಟ್ಟಳು: "ನಿಂತ್ರೆ ಹೂತು ಹೋಗ್ತೀರಿ. ಮುಂದಕ್ಕೆ ಬಾಗಿ, ಹಿಮ್ಮಡಿ ಮೊದಲು ಬಿಡಿಸಿ, ಸಣ್ಣ ಹೆಜ್ಜೆ ಹಾಕಿ." ಒಬ್ಬೊಬ್ಬರಾಗಿ ಬಿಡಿಸಿಕೊಂಡು ಬಂದರು.

ಅಂದು ಮಧ್ಯಾಹ್ನವೆಲ್ಲ ಅಜ್ಜಿ ಅವರಿಗೆ ಕಾಲ್ಬೆರಳಿನಿಂದ ಬಳಚು ಹುಡುಕುವುದನ್ನು ಕಲಿಸಿದಳು. ಮೆತ್ತನೆಯ ಮರಳಲ್ಲಿ ಪಾದ ಜಾರಿಸುತ್ತಾ ಹೋದರೆ ಬೆರಳಿಗೆ ದುಂಡಗೆ, ನುಣ್ಣಗೆ ಏನೋ ತಾಗುತ್ತದೆ, ಬಾಗಿ ತೆಗೆಯಬೇಕು. ಸಣ್ಣ ಬಳಚನ್ನು ಅವಳು ತಿರುಗಿ ಮರಳಿಗೇ ಬಿಡಿಸಿದಳು, "ಮುಂದಿನ ವರ್ಷಕ್ಕೆ ಬೇಕಲ್ಲ" ಎಂದು. ನೀರು ಸೋಸಿ ಬದುಕುವ ಈ ಚಿಪ್ಪುಜೀವಿಗೆ ಉಪ್ಪಿನ ಹದ ಎಷ್ಟು ಮುಖ್ಯವೆಂದು ನಾನು ಹೇಳಬೇಕಿದ್ದ ಪಾಠವೂ ಅಲ್ಲೇ ಆಯಿತು. ಮಳೆಗಾಲದಲ್ಲಿ ಹೊಳೆಯ ನೆರೆ ಬಂದು ನೀರು ಸಪ್ಪೆಯಾದರೆ ಬಳಚಿಗೆ ಕಷ್ಟ ಎಂಬುದು ಅವಳಿಗೆ ಗೊತ್ತಿತ್ತು.

8. ಪೆನ್ಸಿಲಿನಲ್ಲಿ ಬರೆಯಿರಿ

ಪೆನ್ನಿನ ಶಾಯಿ ಉಪ್ಪುನೀರಿಗೆ ಹರಡುತ್ತದೆ, ಪೆನ್ಸಿಲ್ ಉಳಿಯುತ್ತದೆ. ನನ್ನ ಬಳಿ ಹತ್ತೊಂಬತ್ತು ವಹಿಗಳಿವೆ. ಒಂದರಲ್ಲಿ ಒಣಗಿದ ಬಂಗುಡೆಯ ಹುರುಪೆ ಇನ್ನೂ ಅಂಟಿಕೊಂಡಿದೆ. ಅದರ ಪಕ್ಕ ಬಾರ್ನಕಲ್ ಲೆಕ್ಕ, ಕೆಳಗೆ ಬೇರೆ ಅಕ್ಷರದಲ್ಲಿ "ಎಣಿಸಿದ್ದು ನಾನು, ಜಗಳ ತೆಗೆದದ್ದು ಅವನು" ಎಂಬ ಸಾಲು. ಕೊನೆಯ ದಿನ ಎಲ್ಲರ ವಹಿಯೂ ಎಲ್ಲರ ಕೈ ದಾಟಲಿ. ಅಂಕಿಗಳನ್ನು ಪ್ರತಿ ವರ್ಷ ಒಂದೇ ಬಂಡೆ, ಒಂದೇ ಗುರುತಿನಲ್ಲಿ ತೆಗೆದುಕೊಂಡರೆ ಹಿಂದಿನ ತಂಡದ ಲೆಕ್ಕಕ್ಕೆ ಹೋಲಿಸಿ ನೋಡಬಹುದು. ಮೊದಲ ತಂಡದ ಹಗ್ಗದ ಜಾಗದಲ್ಲೇ ಹತ್ತೊಂಬತ್ತನೆಯ ತಂಡವೂ ಹಗ್ಗ ಎಳೆದಿದೆ.

ಮೇಷ್ಟ್ರುಗಳೇ, ಇದಕ್ಕೆ ದೊಡ್ಡ ಅನುದಾನ ಬೇಡ. ಒಂದು ಬಸ್ಸು, 30 ಮೀಟರ್ ಹಗ್ಗ, ತಂತಿಯ ಚೌಕ, ಕೈಮಸೂರ, ಪೆನ್ಸಿಲು ಸಾಕು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಕಡಲೂ ಆಗ ಏಳುತ್ತದೆ. ಅದಕ್ಕೆ ಮೊದಲು, ಮೇ ತಿಂಗಳ ಹುಣ್ಣಿಮೆಗೋ ಅಮಾವಾಸ್ಯೆಗೋ, ನಿಮ್ಮ ಮಕ್ಕಳನ್ನು ಕರೆದುಕೊಂಡು ಹೊರಡಿ.