ಜರ್ಮನಿಯಲ್ಲಿ ಮನೆ ಕೊಳ್ಳೋ ಮುಂಚೆ
ಓದು ಮುಗಿಸಿ ಜರ್ಮನಿಯಲ್ಲಿ ಕೆಲಸ ಹಿಡಿದು, ಅಲ್ಲೇ ಒಂದು ಫ್ಲ್ಯಾಟ್ ತಗೊಳ್ಳೋಣ ಅಂತ ನಮ್ಮಲ್ಲಿ ಎಷ್ಟೋ ಜನ ಅಂದ್ಕೊಳ್ತೀವಿ. ವಿದೇಶಿಯರು ಕೊಳ್ಳೋಕೆ ಅಲ್ಲಿ ಕಾನೂನಿನ ಅಡ್ಡಿಯಿಲ್ಲ. ಆದರೆ ಬೆಲೆಯೊಂದೇ ಲೆಕ್ಕವಲ್ಲ.

ಖರೀದಿ ತೆರಿಗೆ ರಾಜ್ಯಕ್ಕೊಂದು ಥರ: ಬವೇರಿಯಾದಲ್ಲಿ ಶೇ. 3.5, ನಾರ್ತ್ ರೈನ್-ವೆಸ್ಟ್‌ಫಾಲಿಯಾದಲ್ಲಿ ಶೇ. 6.5. ಅಂದರೆ 3 ಲಕ್ಷ ಯೂರೋ ಮನೆಗೆ ಬವೇರಿಯಾದ ನ್ಯೂರೆಂಬರ್ಗ್‌ನಲ್ಲಿ 10,500 ಯೂರೋ, ಇನ್ನೊಂದು ರಾಜ್ಯದ ಕಲೋನ್‌ನಲ್ಲಿ 19,500. ಇದರ ಮೇಲೆ ನೋಟರಿ, ನೋಂದಣಿ ಖರ್ಚು. ಇವನ್ನೆಲ್ಲ ಸಾಮಾನ್ಯವಾಗಿ ನಮ್ಮ ಉಳಿತಾಯದಿಂದಲೇ ಕಟ್ಟಬೇಕು.

ನೋಟರಿ ಕರಾರನ್ನು ಗಟ್ಟಿಯಾಗಿ ಓದಿ ಹೇಳ್ತಾರೆ. ಜರ್ಮನ್ ಬಾರದಿದ್ದರೆ ಅನುವಾದ ಕೇಳೋಣ, ಅರ್ಥವಾಗದೆ ಸಹಿ ಹಾಕೋದು ಬೇಡ.

ಇನ್ನೊಂದು ಮುಖ್ಯ ವಿಷಯ: ಮನೆ ಇದೆ ಅಂತ ವೀಸಾ ಸಿಗಲ್ಲ. ಕೆಲಸ ಹೋಗಿ ವೀಸಾ ಮುಗಿದರೆ ಮನೆ ನಮ್ಮ ಹೆಸರಲ್ಲೇ ಇರುತ್ತೆ, ಆದರೆ ನಾವು ಅಲ್ಲಿ ಇರೋ ಹಾಗಿಲ್ಲ. ಆದ್ದರಿಂದ ಮೊದಲು ವೀಸಾ ಗಟ್ಟಿ ಮಾಡ್ಕೊಳ್ಳೋಣ, ಆಮೇಲೆ ಮನೆ.